ಹತ್ತನೆಯ ಕಾಗದ

ಅಂಧೇರಿ, ಮುಂಬಯಿ
9 ನವೆಂಬರ್ 1998

ತಂಗಿ ಹರಿಣಾಕ್ಷಿಗೆ ಅಕ್ಕ ಪ್ರಭಾವತಿಯ ಆಶೀರ್ವಾದ.

ನೀನು ಮದುವೆಯಾಗಿ ಕೋಡಿಗೆ ಹೋದ ಮೇಲೆ ನಾನು ಬರೆಯುತ್ತಿರುವ ಹದಿನೇಳನೆಯ ಕಾಗದ ಇದು. ಮೂಲೆಯಲ್ಲಿ ನಂಬರ್ ಹಾಕಿದ್ದೇನೆ, ನೋಡು. ನಿನ್ನಿಂದ ಬಂದದ್ದು ಐದೇ ಐದು. ಅದರಲ್ಲಿ ಮೂರರಲ್ಲಿ ‘ಹೋದ ತಿಂಗಳೂ ಬರೆದಿದ್ದೆ’ ಎಂದಿದ್ದೀ. ಹೋದ ತಿಂಗಳಿನದ್ದು ಎಲ್ಲಿಗೆ ಹೋಯಿತು? ಔಷಧಿ ಕಂಪನಿಯ ಪ್ಯಾಕಿಂಗಿನಲ್ಲಿ ನನ್ನ ಕೆಲಸವೇ ಚೆಕ್ಕಿಂಗ್. ಪಟ್ಟಿಯಲ್ಲಿ ಒಂದು ಮಾತ್ರೆ ಕಡಿಮೆಯಿದ್ದರೂ ನನ್ನ ಕಣ್ಣು ತಪ್ಪುವುದಿಲ್ಲ. ಟಪಾಲಿನವರು ಒಂದು ಕಳೆದುಹಾಕಬಹುದು, ಎಲ್ಲವನ್ನೂ ಕಳೆಯುವುದಿಲ್ಲ.

ನಿನ್ನ ಅತ್ತೆ ಸುಂದರಿಯ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣಿದೆ. ಮದುವೆಯ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ‘ಬೊಂಬಾಯಿಯರಿಗೆ ನಮ್ ಊರ್ ಅನ್ನ ಗಂಟ್ಲಂಗ್ ಇಳೂದಿಲ್ಲ ಕಾಣಿ’ ಅಂದವಳು ಅವಳು. ನಾನು ಎಲೆ ಬಿಟ್ಟು ಎದ್ದು ಬಂದದ್ದು ನಿನಗೆ ಗೊತ್ತಿದೆ. ಅಂಥವಳಿಗೆ ಸೊಸೆ ಅಕ್ಕನಿಗೆ ಏನು ಬರೆಯುತ್ತಾಳೆ ಎಂಬ ಹೆದರಿಕೆ ಇರಲೇಬೇಕು. ನಿನ್ನ ಕಾಗದವನ್ನು ಡಬ್ಬಿಗೆ ಹಾಕುವವರು ಯಾರು? ಸರಿಯಾಗಿ ಬರೆ.

ಪ್ರಭಾವತಿ

*

ಕೋಡಿ, ಕುಂದಾಪುರ
2 ಡಿಸೆಂಬರ್ 1998

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಉತ್ತರಕ್ಕೆ ಕುಳಿತಿದ್ದೆ. ಮಧ್ಯದಲ್ಲಿ ಪೆನ್ನು ಬರೆಯಲಿಲ್ಲ, ಇವರ ಪೆನ್ನು ಹುಡುಕಲು ಹೋದೆ, ಅಲ್ಲಿ ಇವರ ಅಂಗಿಯ ಗುಂಡಿ ಬಿದ್ದದ್ದು ಕಂಡಿತು, ಹೊಲಿಯಲು ಕುಳಿತೆ, ಆಮೇಲೆ ಇವತ್ತು. ಇವರು ಕ್ಷೇಮ. ಬೋಟು ಬಂದರೆ ನಾಲ್ಕು ದಿನ ಮನೆ, ಮತ್ತೆ ಸಮುದ್ರ.

ನನ್ನ ಕ್ಷೇಮ ಏನು ಹೇಳಲಿ. ಹೋದ ವಾರ ಉಪ್ಪು ಹಾಕಿದ ಬಂಗುಡೆ ಮೀನನ್ನು ಅಂಗಳದಲ್ಲಿ ಒಣಗಿಸಿ ಕಾಗೆ ಓಡಿಸುವ ಕೆಲಸ ನನ್ನದಾಗಿತ್ತು. ಕೋಲು ತರಲು ಒಳಗೆ ಹೋದವಳು ಯಾವುದಕ್ಕೆ ಹೋದೆ ಎಂಬುದನ್ನೇ ಮರೆತು ಕಪಾಟು ಒರೆಸುತ್ತ ಕುಳಿತೆ. ಹೊರಗೆ ಊರಿನ ಕಾಗೆಗಳಿಗೆಲ್ಲ ಹಬ್ಬ. ಅತ್ತೆ ಪೇಟೆಯಿಂದ ಬಂದು ಬುಟ್ಟಿ ಇಳಿಸಿ ‘ಕಾಕಿ ಕರ್ದ್ ಊಟ ಹಾಕ್ದ್ಯಾ ಹೆಣೆ?’ ಎಂದರು. ಈಗ ನಾನು ಎಲ್ಲಿ ಹೋದರೂ ಹಿಂದೆ ಬರುತ್ತಾರೆ. ಒಲೆ ನೋಡುತ್ತಾರೆ, ಬಾವಿಯ ಹಗ್ಗ ನೋಡುತ್ತಾರೆ. ನನ್ನನ್ನು ಸಿಕ್ಕಿಬೀಳಿಸಲು ಕಾಯುತ್ತಿದ್ದಾರೆ ಎಂದೇ ನನಗೆ ಅನಿಸುತ್ತದೆ. ಕೆಲವು ಸಲ ನಾನು ಇಟ್ಟ ವಸ್ತು ಇಟ್ಟಲ್ಲಿ ಇರುವುದಿಲ್ಲ. ನಾನೇ ಬೇರೆ ಕಡೆ ಇಟ್ಟೆನೋ, ಅವರು ತೆಗೆದರೋ, ದೇವರಿಗೇ ಗೊತ್ತು.

ಕಾಗದ ಬರೆದದ್ದು ನಿಜ ಅಕ್ಕಾ, ಪ್ರತಿ ತಿಂಗಳು ಬರೆದಿದ್ದೇನೆ. ಅದು ನಿನಗೆ ಯಾಕೆ ಮುಟ್ಟುವುದಿಲ್ಲವೋ. ಅತ್ತೆ ದಿನಾ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಾರೆ, ಟಪಾಲು ಡಬ್ಬಿ ಆ ದಾರಿಯಲ್ಲೇ ಇದೆ. ಇಷ್ಟು ಮಾತ್ರ ಹೇಳಬಲ್ಲೆ.

ನಿನ್ನ ಹರಿಣಾಕ್ಷಿ

*

ಅಂಧೇರಿ
20 ಫೆಬ್ರವರಿ 1999

ಹರಿಣಾಕ್ಷಿಗೆ,

ಹತ್ತೊಂಬತ್ತನೆಯದು. ಡಿಸೆಂಬರಿನ ನಿನ್ನ ಕಾಗದ ಹೇಗೋ ತಪ್ಪಿಸಿಕೊಂಡು ಬಂದಿದೆ, ಆಮೇಲೆ ಮತ್ತೆ ಏನೂ ಇಲ್ಲ. ನೀನು ಬಾಯಿಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಗಿದೆ. ದಾರಿಯಲ್ಲಿ ಡಬ್ಬಿ, ಕೈಯಲ್ಲಿ ಕಾಗದ, ಹೊಟ್ಟೆಯಲ್ಲಿ ಕಿಚ್ಚು. ಅವಳಿಗೆ ಓದಲು ಬರುವುದಿಲ್ಲ ಎಂಬ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ಯಾರ ಕೈಯಲ್ಲೋ ಓದಿಸುತ್ತಿರಬೇಕು.

ಬೈಂದೂರಿಗೆ ಚಂದ್ರಣ್ಣನಿಗೆ ಎಲ್ಲವನ್ನೂ ಬರೆದಿದ್ದೇನೆ. ತವರಿನ ಕಡೆಯಿಂದ ಅವನೇ ಕೋಡಿಯ ಮುಖಂಡರಾದ ದೇವು ಗುರಿಕಾರರ ಹತ್ತಿರ ದೂರು ಹೇಳುತ್ತಾನೆ. ಮೇ ರಜೆಗೆ ನಾನು ಬರುತ್ತೇನೆ. ಜಾತಿಯ ಕೂಡುಕಟ್ಟಿನ ಹಿರಿಯರ ಮುಂದೆ ಅವಳು ಒಪ್ಪಿಕೊಳ್ಳಲಿ, ಇಲ್ಲವಾದರೆ ನಮ್ಮ ಕಡಲ ದೈವ ಬೊಬ್ಬರ್ಯನ ಗುಡಿಯಲ್ಲಿ ಆಣೆ ಹಾಕಲಿ. ನೀನು ಹೆದರಬೇಡ, ನೀನು ಒಂದು ಮಾತೂ ಆಡುವುದು ಬೇಡ. ಎಲ್ಲ ನಾವು ನೋಡಿಕೊಳ್ಳುತ್ತೇವೆ.

ಪ್ರಭಾವತಿ

*

ಕೋಡಿ
28 ಏಪ್ರಿಲ್ 1999

ಅಕ್ಕಾ,

ಇದನ್ನು ಓದಿ ನನಗೆ ಎಷ್ಟು ಬೇಕಾದರೂ ಬೈ, ಆದರೆ ಆಣೆ ನಿಲ್ಲಿಸು. ಕಾಲಿಗೆ ಬೀಳುತ್ತೇನೆ.

ನಿನ್ನೆ ಗುರಿಕಾರರು ಮನೆಗೆ ಬಂದು ಅತ್ತೆಗೆ ಹೇಳಿಹೋದರು, ಮೇ ಹದಿನಾರು ಆದಿತ್ಯವಾರ ಎಂದು. ಅವರು ಹೋದ ಮೇಲೆ ನಾನು ನನ್ನ ಟ್ರಂಕು ಬಗ್ಗಿಸಿ ಸುರಿದೆ. ಸೀರೆಗಳ ಅಡಿಯಲ್ಲಿ ಒಂಬತ್ತು ಇನ್‌ಲ್ಯಾಂಡ್ ಸಿಕ್ಕಿದವು. ಎಲ್ಲ ಅಂಟಿಸಿದ್ದು, ನಿನ್ನ ವಿಳಾಸ ಬರೆದದ್ದು. ಬರೆಯುತ್ತೇನೆ, ನಾಳೆ ಹಾಕೋಣವೆಂದು ಸೀರೆಯ ಅಡಿಗೆ ತಳ್ಳುತ್ತೇನೆ, ಆಮೇಲೆ ಅದು ಪ್ರಪಂಚದಲ್ಲಿ ಇದೆ ಎನ್ನುವುದೇ ನೆನಪಿರುವುದಿಲ್ಲ. ಅತ್ತೆಯ ಕೈಗೆ ನಾನು ಒಂದು ದಿನವೂ ಒಂದು ಕಾಗದವನ್ನೂ ಕೊಟ್ಟಿಲ್ಲ. ಡಬ್ಬಿ ದಾರಿಯಲ್ಲೇ ಇದೆ ಎಂದು ಬರೆದೆನಲ್ಲ, ಅದು ನನ್ನ ಹಲ್ಕಟ್ ಬುದ್ಧಿ. ಮರೆತವಳು ಎನಿಸಿಕೊಳ್ಳುವುದಕ್ಕಿಂತ ಅತ್ತೆಯ ಕಾಟದವಳು ಎನಿಸಿಕೊಳ್ಳುವುದು ಸುಲಭವಾಗಿ ಕಂಡಿತು.

ನಾನು ಯಾಕೆ ಹೀಗೆ? ಅಮ್ಮ ಹೇಳುತ್ತಿದ್ದ ಹಾಗೆ ನನ್ನ ತಲೆಯಲ್ಲಿ ಮಣ್ಣೇ ಇರಬೇಕು. ಇಲ್ಲಿ ಎಲ್ಲರ ಎದುರು ಇದನ್ನು ಹೇಳುವ ಧೈರ್ಯ ನನಗಿಲ್ಲ. ನೀನು ಹೊರಡುವ ಮೊದಲು ಚಂದ್ರಣ್ಣನಿಗೆ ಒಂದು ಮಾತು ಹೇಳಿ ದೂರು ಹಿಂದೆ ತೆಗೆಸು. ಇದನ್ನು ಈಗಲೇ, ಅಂಟು ಒಣಗುವ ಮೊದಲು, ನಾನೇ ಹೋಗಿ ಹಾಕುತ್ತೇನೆ.

ಹರಿಣಾಕ್ಷಿ

*

ಅಂಧೇರಿ
1 ಜೂನ್ 1999

ಹರಿಣಾಕ್ಷಿಗೆ,

ಸುಖವಾಗಿ ಬಂದು ಮುಟ್ಟಿದೆವು. ರೈಲಿನಲ್ಲಿ ಇವರು ಪ್ರೇಮಾನಂದರು ದಾರಿಯುದ್ದಕ್ಕೂ ‘ಅಷ್ಟು ದೂರ ಹೋಗಬಾರದಿತ್ತು’ ಎನ್ನುತ್ತ ಬಂದರು. ಗಂಡಸರಿಗೆ ಯಾವಾಗಲೂ ಎರಡನೆಯ ದಿನ ಕರುಣೆ ಹುಟ್ಟುತ್ತದೆ.

ನಿನ್ನ ಅತ್ತೆ ಒದ್ದೆ ಸೀರೆಯಲ್ಲಿ ನಿಂತು ಹೂವು ಹಿಡಿದು ‘ಸೊಸಿ ಕಾಗ್ದ ನಾ ಮುಟ್ಟಲಿಲ್ಲ, ಮುಟ್ಟಿದ್ರೆ ಬೊಬ್ಬರ್ಯ ನನ್ ಕೈ ಹಿಡಿಲಿ’ ಎನ್ನುವಾಗ ಧ್ವನಿ ನಡುಗಿದ್ದು ನಾನು ಕೇಳಿದೆ. ತಪ್ಪು ಮಾಡದವಳಿಗೆ ನಡುಕ ಯಾಕೆ? ಅವಳ ಕಡೆಯವರು ಎಂದು ಒಬ್ಬರೂ ಹತ್ತಿರ ನಿಲ್ಲಲಿಲ್ಲ, ಅದನ್ನೂ ನೋಡಿದೆ. ನಿನ್ನ ಗಂಡ ಬೋಟಿನಲ್ಲಿದ್ದದ್ದು ಒಳ್ಳೆಯದೇ ಆಯಿತು. ನೀನು ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದೆ. ಹಾಗೆ ನೋಡುವ ಅಗತ್ಯವಿರಲಿಲ್ಲ. ಮುಗಿದ ಸಂಗತಿಯ ಮಾತು ಇನ್ನು ಬೇಡ.

ಪ್ರಭಾವತಿ

*

ಕೋಡಿ
20 ಸೆಪ್ಟೆಂಬರ್ 1999

ಅಕ್ಕಾ,

ಅಷ್ಟಮಿಯ ಮರುದಿನ ಅತ್ತೆ ಬುಟ್ಟಿ ಎತ್ತಲು ಬಗ್ಗಿದವರು ಹಾಗೇ ಕುಸಿದರು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಜೀವ ಉಳಿದಿದೆ, ಎಡಗೈಯ ಸ್ವಾಧೀನ ಮಾತ್ರ ಹೋಗಿದೆ. ಕೈ, ಅಕ್ಕಾ. ಮೀನು ಮಾರುವ ಹೆಂಗಸರೆಲ್ಲ ಬಂದು ನೋಡಿಹೋಗುತ್ತಾರೆ, ಮೆಟ್ಟಿಲಿಳಿಯುವಾಗ ‘ಬೊಬ್ಬರ್ಯ ಬಿಡ್ತ್ನಾ?’ ಎನ್ನುತ್ತಾರೆ. ಅತ್ತೆಗೂ ಕೇಳಿಸುತ್ತದೆ. ಅವರು ಗೋಡೆಯ ಕಡೆ ತಿರುಗಿ ಮಲಗುತ್ತಾರೆ.

ನನಗೆ ಅನ್ನ ಸೇರುವುದಿಲ್ಲ. ಏಪ್ರಿಲ್ ಕೊನೆಗೆ ನಾನು ಒಂದು ಕಾಗದ... ಬಿಡು. ಹಾಕಿದ ಹಾಗೆ ನೆನಪು, ಆದರೆ ನನ್ನ ನೆನಪನ್ನು ನಂಬುವವರು ಯಾರು? ನೀನು ಅದನ್ನು ಓದಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ಅಂದಮೇಲೆ ಅದನ್ನೂ ಎಲ್ಲೋ ಬಿಟ್ಟಿದ್ದೇನೆ. ನನ್ನಂಥ ಹಾಳು ಹೆಂಗಸು ಹುಟ್ಟಲೇಬಾರದಿತ್ತು.

ಹರಿಣಾಕ್ಷಿ

*

ಅಂಧೇರಿ
4 ಅಕ್ಟೋಬರ್ 1999

ಹರಿಣಾಕ್ಷಿಗೆ,

ದೈವದ ಸಂಗತಿಯಲ್ಲಿ ನಾವು ಬಾಯಿ ಹಾಕಬಾರದು. ಏಪ್ರಿಲಿನಲ್ಲಿ ನಿನ್ನಿಂದ ನನಗೆ ಏನೂ ಬಂದಿಲ್ಲ. ಅತ್ತೆಗೆ ಎಣ್ಣೆ ತಿಕ್ಕು. ಹೆಚ್ಚು ಬರೆಯಲು ಸಮಯವಿಲ್ಲ.

ಪ್ರಭಾವತಿ

*

ಕೋಡಿ
12 ಜುಲೈ 2011

ಅಕ್ಕಾ,

ಹನ್ನೆರಡು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ನೀನು ‘ಹ್ಞಾಂ, ಹ್ಞೂಂ, ಕುಕ್ಕರ್ ಕೂಗಿತು’ ಎಂದು ಇಡುತ್ತೀ, ನನ್ನ ಮಾತು ಎಲ್ಲಿಂದಲೋ ಎಲ್ಲಿಗೋ ಹೋಗುತ್ತದೆ. ಬೈಂದೂರಿಗೆ ಬಂದರೂ ಕೋಡಿಗೆ ಬರುವುದಿಲ್ಲ. ಆದ್ದರಿಂದ ಕಾಗದವೇ ಸರಿ.

ನಮ್ಮ ಮಗಳು ರಮಿತಾ ಶಾಲೆಯಲ್ಲಿ ಕುಳಿತಲ್ಲಿ ಕೂರುವುದಿಲ್ಲ, ದಿನಾ ಒಂದು ವಸ್ತು ಕಳೆದುಕೊಂಡು ಬರುತ್ತಾಳೆ. ಟೀಚರ್ ಮಾತು ಕೇಳಿ ಜನವರಿಯಿಂದ ಅವಳನ್ನು ಬ್ರಹ್ಮಾವರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಡಾಕ್ಟರು ನೋಡಿ ಅದಕ್ಕೆ ಎಡಿಎಚ್‌ಡಿ ಎಂದು ಹೆಸರು ಹೇಳಿದರು. ಗಮನ ಹಿಡಿದಲ್ಲಿ ನಿಲ್ಲುವುದಿಲ್ಲ, ಅದು ಮಿದುಳಿನ ರೀತಿ, ಸೋಮಾರಿತನ ಅಲ್ಲ, ಸೊಕ್ಕೂ ಅಲ್ಲ ಎಂದರು. ಅಲ್ಲಿ ಶನಿವಾರ ಮಕ್ಕಳ ಜೊತೆ ಮಾತಾಡುವ ಶ್ರೀಲತಾ ಮೇಡಂ ಒಂದು ದಿನ ನನ್ನನ್ನೇ ಕೂರಿಸಿಕೊಂಡು ‘ನೀವು ಸಣ್ಣವರಿದ್ದಾಗ ಹೇಗಿದ್ರಿ?’ ಎಂದು ಕೇಳಿದರು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಡಾಕ್ಟರು ನನ್ನನ್ನೂ ನೋಡಿದರು. ನನಗೂ ಅದೇ.

ಮೇಡಂ ಕೇಳಿದ್ದು ಒಂದು ಪ್ರಶ್ನೆ ತಲೆಯಿಂದ ಹೋಗುವುದಿಲ್ಲ. ‘ರಮಿತಾ ಮೀನು ಒಣಗಿಸಿ ಕಾಗೆಗೆ ಬಿಟ್ಟರೆ ಏನು ಹೇಳ್ತೀರಿ?’ ಎಂದರು. ‘ಹೋಯ್ಲಿ ಬಿಡ್ ಮಗಾ, ಇಬ್ರೂ ಒಟ್ಟಿಗೆ ಕಾಂಬ’ ಎನ್ನುತ್ತೇನೆ ಎಂದೆ. ‘ನಿಮಗೆ ನೀವು ಒಂದು ಸಲವಾದರೂ ಹಾಗೆ ಹೇಳಿಕೊಂಡಿದ್ದೀರಾ?’ ಎಂದರು. ನನಗೆ ನಗು ಬಂತು. ತನಗೆ ತಾನು ಯಾರಾದರೂ ಹಾಗೆ ಹೇಳಿಕೊಳ್ಳುತ್ತಾರಾ? ಈಗ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ಗಂಜಿ ಸೀದರೆ ಮೊದಲು ಬಾಯಿಗೆ ಬರುವುದು ‘ಹಾಳಾದವಳೇ’ ಎಂದೇ. ಅದನ್ನು ನುಂಗಿ ‘ಹೋಯ್ಲಿ ಬಿಡ್ ಹೆಣೆ’ ಎನ್ನುತ್ತೇನೆ. ವಿಚಿತ್ರವೆಂದರೆ, ಬೈದುಕೊಳ್ಳದ ದಿನ ಪಾತ್ರೆ ತಿಕ್ಕುವುದು ಬೇಗ ಮುಗಿಯುತ್ತದೆ. ಒಲೆ ಆರಿಸಿದರೆ ದೊಡ್ಡದಾಗಿ ‘ಒಲಿ ಆರ್ಸಿದೆ’ ಎಂದು ಕೂಗುತ್ತೇನೆ, ಆಗ ನೆನಪಿರುತ್ತದೆ. ಅಕ್ಕಪಕ್ಕದವರಿಗೆ ನನ್ನ ಒಲೆಯ ಸಮಾಚಾರವೆಲ್ಲ ಗೊತ್ತು.

ಒಂದು ಮಾತು ಕೇಳಬೇಕು. 1999ರ ಏಪ್ರಿಲ್ ಕೊನೆಗೆ ನಾನು ಒಂದು ಕಾಗದ ಹಾಕಿದ್ದೆ. ಮುಖ್ಯವಾದ ಕಾಗದ. ಹಾಕಿದ್ದು ನೆನಪಿದೆ ಎಂದೇ ಈಗಲೂ ಅನಿಸುತ್ತದೆ. ಅದು ನಿನಗೆ ಬಂದಿತ್ತಾ?

ಹರಿಣಾಕ್ಷಿ

*

ಅಂಧೇರಿ
24 ಜುಲೈ 2011

ಹರಿಣಾಕ್ಷಿಗೆ,

ನಿನ್ನದು ಕಾಯಿಲೆ ಎಂದು ಗೊತ್ತಾದದ್ದು ಒಳ್ಳೆಯದೇ ಆಯಿತು. ಇನ್ನು ನೀನು ಯಾವುದಕ್ಕೂ ಹೊಣೆಯಲ್ಲ, ಸಮಾಧಾನ ಮಾಡಿಕೋ. ರಮಿತಾಳಿಗೆ ಬಾದಾಮಿ ಕಳಿಸುತ್ತೇನೆ.

ಹಳೆಯದನ್ನು ಮಾತ್ರ ಕೆದಕಬೇಡ. ಮರೆಯುವುದೇ ನಿನ್ನ ಕಾಯಿಲೆ ಎಂದು ನೀನೇ ಬರೆಯುತ್ತೀ, ಹನ್ನೆರಡು ವರ್ಷದ ಹಿಂದಿನದು ನೆನಪಿದೆ ಎಂದೂ ನೀನೇ ಬರೆಯುತ್ತೀ. ಟ್ರಂಕಿನಲ್ಲಿ ಒಂಬತ್ತು ಕಾಗದ ಮರೆತವಳು ಹತ್ತನೆಯದನ್ನು ಮಾತ್ರ ಹೋಗಿ ಡಬ್ಬಿಗೆ ಹಾಕಿದಳು ಎಂದರೆ ಯಾರು ನಂಬುತ್ತಾರೆ? ನೀನೇ ಯೋಚನೆ ಮಾಡು. ನನಗೂ ರಿಟೈರ್ ಆಗುವ ಕಾಲ ಬಂತು, ಬಿ.ಪಿ. ಇದೆ. ಇಂಥ ಕಾಗದ ಬರೆದು ನನ್ನ ನೆಮ್ಮದಿ ಕೆಡಿಸಬೇಡ.

ಪ್ರಭಾವತಿ

*

ಕೋಡಿ
2 ಆಗಸ್ಟ್ 2011

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಸಲ ನೀನು ಹೇಳಿದ್ದೇ ಸರಿ ಎನಿಸಿತು. ನನ್ನ ಬಗ್ಗೆ ಯಾರು ಏನು ಕೆಟ್ಟದ್ದು ಹೇಳಿದರೂ ಮೊದಲು ತಲೆಯಾಡಿಸುವವಳು ನಾನೇ. ನಾಲ್ಕನೆಯ ಸಲ ಒಂದು ಸಾಲಿನ ಕೆಳಗೆ ಗೆರೆ ಎಳೆದೆ.

ಒಂಬತ್ತು ಎಂದು ನಿನಗೆ ಹೇಗೆ ಗೊತ್ತು? ಟ್ರಂಕು ಎಂದು ಹೇಗೆ ಗೊತ್ತು? ಜುಲೈಯ ಕಾಗದದಲ್ಲಿ ನಾನು ಎರಡನ್ನೂ ಬರೆದಿಲ್ಲ. ಇವರಿಗೂ ಹೇಳಿಲ್ಲ, ಮೇಡಂಗೂ ಹೇಳಿಲ್ಲ. ಆ ಒಂಬತ್ತನ್ನು ನಾನು ಎಣಿಸಿದ ಮರುದಿನವೇ ಒಲೆಗೆ ಹಾಕಿದೆ. ಇಡೀ ಲೋಕದಲ್ಲಿ ಆ ಮಾತು ಬರೆದದ್ದು ಒಂದೇ ಕಡೆ, ಏಪ್ರಿಲ್ ಇಪ್ಪತ್ತೆಂಟರ ಆ ಹತ್ತನೆಯ ಕಾಗದದಲ್ಲಿ.

ಹಾಗಾದರೆ ನಾನು ಅದನ್ನು ಹಾಕಿದ್ದೆ. ಈಗ ಎಲ್ಲ ನೆನಪಾಗುತ್ತದೆ, ನೆನಪಾದರೆ ನಂಬುವ ಧೈರ್ಯವೂ ಬರುತ್ತದೆ. ಚಪ್ಪಲಿ ಹಾಕದೆ ಹೋಗಿದ್ದೆ, ರಸ್ತೆಯ ಟಾರು ಸುಡುತ್ತಿತ್ತು. ಡಬ್ಬಿಯ ಬಾಯಿಗೆ ಕೈ ಪೂರ್ತಿ ತುರುಕಿ ಒಳಗೆ ಬಿದ್ದಿತೋ ಇಲ್ಲವೋ ನೋಡಿದ್ದೆ. ಆ ಆದಿತ್ಯವಾರ ಗುಡಿಯಲ್ಲಿ ನಿನ್ನ ಮುಖ ನೋಡುತ್ತ ನಿಂತಿದ್ದೆ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು. ನೀನು ಹೇಳಲಿಲ್ಲ. ಹಾಗಾದರೆ ಕಾಗದ ಹೋಗಿಲ್ಲ, ನಾನೇ ಎಲ್ಲೋ ಬೀಳಿಸಿದ್ದೇನೆ ಎಂದುಕೊಂಡೆ. ಒಲೆ, ಬಾವಿ, ಮೀನು, ಎಲ್ಲಕ್ಕೂ ನನ್ನನ್ನು ಕ್ಷಮಿಸಿಕೊಳ್ಳಲು ಕಲಿತೆ ಅಕ್ಕಾ. ಇದೊಂದಕ್ಕೆ ಆಗಲೇ ಇಲ್ಲ. ಹನ್ನೆರಡು ವರ್ಷ ನಾನು ನನಗೆ ಬೈದುಕೊಂಡದ್ದು ನೀನು ಮಾಡಿದ ಕೆಲಸಕ್ಕಾ?

ಹೌದು ಅಥವಾ ಅಲ್ಲ, ಒಂದೇ ಶಬ್ದ ಬರೆ.

ಹರಿಣಾಕ್ಷಿ

*

ಅಂಧೇರಿ
10 ಆಗಸ್ಟ್ 2011

ಹರಿಣಿ,

ಹೌದು.

ಮೇ ನಾಲ್ಕು, ಮಂಗಳವಾರ ಬಂತು. ನಾನು ಕೆಲಸದಿಂದ ಬಂದು ಚಹಾಕ್ಕೆ ನೀರಿಟ್ಟಿದ್ದೆ. ಓದಿದೆ. ಅದೇ ಬೆಂಕಿಗೆ ಹಿಡಿದೆ. ಇವರಿಗೂ ಹೇಳಲಿಲ್ಲ.

ಟಿಕೆಟ್ ಆಗಿತ್ತು, ಚಂದ್ರಣ್ಣ ಊರಿಗೆಲ್ಲ ಹೇಳಿಯಾಗಿತ್ತು, ಗುರಿಕಾರರು ದಿನ ಹಾಕಿದ್ದರು. ತಪ್ಪು ನಮ್ಮ ಹುಡುಗಿಯದ್ದು ಎಂದು ಯಾವ ಮುಖದಲ್ಲಿ ಹೇಳಲಿ ಎಂದುಕೊಂಡೆ. ಆದರೆ ಅದು ಅರ್ಧ ಮಾತ್ರ. ಇನ್ನರ್ಧ ಹೇಳುತ್ತೇನೆ. ಸುಂದರಿ ಒದ್ದೆ ಸೀರೆಯಲ್ಲಿ ಎಲ್ಲರ ಎದುರು ನಿಲ್ಲುವುದನ್ನು ನೋಡಬೇಕು ಎಂದು ನನಗೆ ಆಸೆ ಇತ್ತು. ಆ ಊಟದ ಪಂಕ್ತಿಯಿಂದ ಎದ್ದು ಬಂದ ದಿನದಿಂದ ಇತ್ತು. ಅವಳು ಸುಳ್ಳು ಹೇಳುತ್ತಿಲ್ಲವಲ್ಲ, ನಿಜ ಆಣೆ ಹಾಕಿದರೆ ಅವಳಿಗೆ ಏನಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಕೈ ಹೋಯಿತು ಎಂದು ನೀನು ಬರೆದೆ. ಆವತ್ತಿನಿಂದ ಇವತ್ತಿನವರೆಗೆ ನಾನು ಊರಿನ ಯಾವ ಗುಡಿಯ ಒಳಗೂ ಹೋಗಿಲ್ಲ. ಹೊರಗೆ ಚಪ್ಪಲಿ ಕಾಯುತ್ತ ನಿಲ್ಲುತ್ತೇನೆ.

ನಿನ್ನ ಮರೆವು ನನಗೆ ಅನುಕೂಲವಾಗಿತ್ತು. ನೀನು ನಿನ್ನನ್ನು ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ಕ್ಷಮಿಸು ಎಂದು ಕೇಳುವುದಿಲ್ಲ.

ಪ್ರಭಾ

*

ಕೋಡಿ
18 ಆಗಸ್ಟ್ 2011

ಅಕ್ಕಾ,

ನಿನ್ನ ‘ಹೌದು’ ಓದಿ ಮೊದಲು ಸಿಟ್ಟು ಬಂತು, ಎಷ್ಟೆಂದರೆ ರಮಿತಾ ಹೆದರಿ ಪಕ್ಕದ ಮನೆಗೆ ಹೋದಳು. ಆಮೇಲೆ ಸಿಟ್ಟಿನ ಮಧ್ಯದಲ್ಲೇ ಒಂದು ಸಂತೋಷ ಎದ್ದಿತು. ನಾನು ಮರೆತಿರಲಿಲ್ಲ! ಜೀವನದಲ್ಲಿ ಅತ್ಯಂತ ಬೇಕಾಗಿದ್ದ ಒಂದು ದಿನ ನಾನು ಮರೆತಿರಲಿಲ್ಲ. ಅಂಗಳದಲ್ಲಿ ನಿಂತು ಅದನ್ನು ದೊಡ್ಡದಾಗಿ ಹೇಳಿಕೊಂಡೆ.

ಆದರೆ ನೀನು ಬರೆದ ಹಾಗೆ ನಾನು ಯಾವುದಕ್ಕೂ ಹೊಣೆಯಲ್ಲ ಎಂಬುದನ್ನು ಒಪ್ಪುವುದಿಲ್ಲ. ಒಂಬತ್ತು ಕಾಗದ ಹಾಕದೆ ಉಳಿದದ್ದು ನನ್ನ ತಲೆಯ ರೀತಿ, ಅದಕ್ಕೆ ಇನ್ನು ಬೈದುಕೊಳ್ಳುವುದಿಲ್ಲ. ಸಂಶಯವನ್ನು ಅತ್ತೆಯ ಮೇಲೆ ಜಾರಿಸಿದ್ದು, ಗುಡಿಯಲ್ಲಿ ಬಾಯಿ ಮುಚ್ಚಿ ನಿಂತದ್ದು ಮರೆವಲ್ಲ. ಅದು ನಾನು ಮಾಡಿದ ತಪ್ಪು. ನನ್ನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿದ ಮೇಲೇ ಅದನ್ನು ಹೇಳಲು ಬಾಯಿ ಬಂತು. ಮೊದಲಾಗಿದ್ದರೆ ಸತ್ತೇ ಹೋಗುತ್ತಿದ್ದೆನೋ ಏನೋ.

ಸೋಮವಾರ ಅತ್ತೆಯ ಎದುರು ಕುಳಿತು ನನ್ನದನ್ನು ಹೇಳಿದೆ. ಮಂಗಳವಾರ ನಿನ್ನ ಕಾಗದ ಬಂತು, ಅದನ್ನೂ ಓದಿ ಹೇಳಿದೆ. ಅವರು ಎಡಗೈಯನ್ನು ಬಲಗೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನೀನೂ ಕೇಳಬೇಕು.

‘ಹನ್ನೆರ್ಡ್ ವರ್ಷ ನಾ ಎಂತ ಅಂದ್ಕಂಡಿದ್ದೆ ಗೊತ್ತಿತ್ತಾ? ಮೀನ್ ಕಟ್ಟುಕೆ ದಿನಾ ಮನಿಯಿಂದ ಹಳೆ ಪೇಪರ್ ತಕಂಡ್ ಹೋತಿದ್ದೆ. ನಂಗ್ ಓದುಕ್ ಬತ್ತಿಲ್ಲ. ನಿನ್ ಕಾಗ್ದವೂ ಅದ್ರೊಟ್ಟಿಗೆ ಹೋಯಿರ್ಕ್, ನಾನೇ ಅದ್ರಂಗೆ ಮೀನ್ ಕಟ್ಟಿ ಯಾರಿಗೋ ಕೊಟ್ಟಿರ್ಕ್, ಗೊತ್ತಿಲ್ದೆ ಸುಳ್ಳ್ ಆಣೆ ಹಾಕ್ದೆ, ಅದ್ಕೇ ಬೊಬ್ಬರ್ಯ ಕೈ ಹಿಡ್ದ ಅಂದೇಳಿ. ದಿನಾ ಅವ್ನ ಹತ್ರ ತಪ್ಪ್ ಕೇಂತಿದ್ದೆ.’

ನನ್ನ ಕಾಗದದಲ್ಲಿ ಮೀನು ಕಟ್ಟಿರಬೇಕು ಎಂದುಕೊಂಡು ಮಾಡದ ತಪ್ಪಿಗೆ ಕ್ಷಮೆ ಕೇಳುತ್ತಿದ್ದರು, ಅಕ್ಕಾ. ದಿನಾ. ನಾನು ಈ ಕಡೆ ಕೋಣೆಯಲ್ಲಿ, ಅವರು ಆ ಕಡೆ ಕೋಣೆಯಲ್ಲಿ. ನಾನು ಅವರ ಕಾಲು ಹಿಡಿದುಕೊಂಡೆ, ಅವರು ಕಾಲು ಎಳೆದುಕೊಂಡರು. ಎರಡು ದಿನ ನನ್ನ ಕೈಯ ನೀರು ಮುಟ್ಟಲಿಲ್ಲ.

ಇವತ್ತು ಬೆಳಿಗ್ಗೆ ತಾವಾಗಿಯೇ ಕರೆದರು. ‘ಗುರಿಕಾರ್ರಿಗೆ ಹೇಳ್. ಆವತ್ತ್ ಎಷ್ಟ್ ಜನ ಇದ್ದಿದ್ರೋ ಅಷ್ಟೂ ಜನ ಬರ್ಕ್. ಎಲ್ಲರೆದ್ರಿಗೆ ನೀ ಹೇಳ್ಕ್’ ಎಂದರು. ‘ಹೇಳ್ತೆ’ ಎಂದೆ. ದೇವು ಗುರಿಕಾರರಿಗೆ ಈಗ ವಯಸ್ಸಾಗಿದೆ, ಆದರೂ ಚೌತಿಯ ಮುಂಚಿನ ಆದಿತ್ಯವಾರ, ಇಪ್ಪತ್ತೆಂಟನೆಯ ತಾರೀಕು ಬೆಳಿಗ್ಗೆ ಹತ್ತು ಗಂಟೆ ಎಂದು ದಿನ ಇಟ್ಟಿದ್ದಾರೆ. ಈ ಸಲ ಇವರೂ ಊರಲ್ಲಿರುತ್ತಾರೆ. ಅಲ್ಲಿ ನಾನು ನನ್ನ ಪಾಲಿನದನ್ನು ಮಾತ್ರ ಹೇಳುತ್ತೇನೆ. ನಿನ್ನ ಪಾಲಿನದನ್ನು ನಾನು ಹೇಳುವುದಿಲ್ಲ.

ನಾನು ಎದ್ದು ಹೊರಟಾಗ ಅತ್ತೆ ಮತ್ತೆ ಕರೆದರು. ‘ಹ್ವಾಯ್, ನಿನ್ ಅಕ್ಕನಿಗೂ ಬಪ್ಪುಕ್ ಹೇಳ್’ ಎಂದರು. ಅವಳು ಬಂದು ಏನು ಮಾಡಬೇಕು ಎಂದು ಕೇಳಿದೆ.

‘ಎಂತ ಮಾಡುದ್ ಬ್ಯಾಡ. ಬಂದ್ ನನ್ ಹತ್ರ ನಿಂತ್ಕಣ್ಲಿ. ಆವತ್ತ್ ನಾ ಒಬ್ಳೇ ನಿಂತಿದ್ದೆ.’

ರೈಲಿನ ಟಿಕೆಟ್ ಸಿಗದಿದ್ದರೆ ಬಸ್ಸಿಗೆ ಬಾ.

ಹರಿಣಾಕ್ಷಿ